ಗಂಡನ ಹೆಸರು ಖಾಲಿ ಇದ್ದರ?

ಸರ್ವರ್ ಬಿತ್ತು ಅಂತ ಖಾನಾಪುರದಿಂದ ಫೋನ್ ಬಂದಾಗ ನಾನು ಮೇಜಿನ ಮೇಲೆ ಡಬ್ಬಿ ಬಿಚ್ಚಿಟ್ಟುಕೊಂಡು ಉಪ್ಪಿಟ್ಟು ತಿನ್ನುತ್ತಿದ್ದೆ. "ಬೀಳಾಕ ಸಾಧ್ಯನ ಇಲ್ರೀ ಸಿಸ್ಟರ್," ಅಂದೆ, ಬಾಯಲ್ಲಿದ್ದ ತುತ್ತು ನುಂಗದೆಯೇ.

"ಸಾಧ್ಯ ಇಲ್ಲ ಅಂದ್ರ ಅದಕ್ಕ ನೀವ ಹೇಳ್ರಿ ಬಾಯಾರ. ಪರದಿ ಕರ್ರಗ ಆಗಿ ಕುಂತೈತಿ. ಅರ್ಧಾ ಕಾರ್ಡ್ ತುಂಬಿದ್ದೆ, ಎಲ್ಲಾ ಹೋತು."

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತಿದು. ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಬಾಡಿಗೆ ಮನೆಯ ಮುಂದಿನ ಎರಡು ಕೋಣೆಗಳೇ ನಮ್ಮ ಆಫೀಸು. ಇದ್ದವರು ಮೂವರು: ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಸರ್, ಮರಾಠಿ ಮನೆಮಾತಿನ ಒಬ್ಬ ಸಹೋದ್ಯೋಗಿ, ಮತ್ತೆ ನಾನು. ಖಾನಾಪುರದ ಒಂದು ಧರ್ಮಾರ್ಥ ಆಸ್ಪತ್ರೆಗೆ ನಾವು ಬಸುರಿಯರ ಕಾರ್ಡುಗಳನ್ನು ಇಟ್ಟುಕೊಳ್ಳುವ ಪ್ರೋಗ್ರಾಂ ಬರೆದುಕೊಟ್ಟಿದ್ದೆವು. ಅಲ್ಲಿಯ ಸಿಸ್ಟರ್ ಕಂಪ್ಯೂಟರಿನಲ್ಲಿ ಕಾರ್ಡು ತುಂಬಿದರೆ ಅದು ಫೋನಿನ ತಂತಿ ಹಿಡಿದು ನಮ್ಮ ಕೋಣೆಯಲ್ಲಿದ್ದ ಸರ್ವರಿಗೆ ಬರುತ್ತಿತ್ತು. ಬೆಳಗಾವಿಯ ರಕ್ತ ಭಂಡಾರದವರು ದಿನಾ ಮುಂಜಾನೆ ಅದೇ ಸರ್ವರಿಗೆ ಫೋನ್ ಹಚ್ಚಿ, ಯಾರಿಗೆ ಯಾವಾಗ ದಿನ ತುಂಬುತ್ತದೆ, ಯಾವ ಗುಂಪಿನ ರಕ್ತ ಬೇಕಾದೀತು ಅಂತ ನೋಡಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಏರ್ಪಾಡಿನ ಹಿಂದೆ ಒಬ್ಬಳಿದ್ದಳು. ಕಣಕುಂಬಿಯ ಆಚೆ ಕಾಡಿನೊಳಗಿನ ವಸ್ತಿಯವಳು, ದನ ಸಾಕುವ ಮನೆಯ ಸೊಸೆ. ಮೊದಲ ಹೆರಿಗೆಯಲ್ಲಿ ಅವಳಿಗೆ ರಕ್ತ ಬೇಕಾಯಿತು. ಅವಳದು ಸುಲಭಕ್ಕೆ ಸಿಗದ ಬಿ ನೆಗೆಟಿವ್. ಬೆಳಗಾವಿಯಲ್ಲಿ ಹುಡುಕಿ ತರುವಷ್ಟರಲ್ಲಿ ಕೂಸು ಹೋಗಿತ್ತು, ಅವಳು ಉಳಿದದ್ದೇ ಹೆಚ್ಚು. ಈಗ ಮತ್ತೆ ಬಸುರಿ, ದಿನ ತುಂಬುವುದು ನಟ್ಟನಡು ಮಳೆಗಾಲದಲ್ಲಿ. ಆ ಕಡೆಯ ರಸ್ತೆ ಆಗ ಯಾವತ್ತು ಬಂದಾಗುತ್ತದೋ ಹೇಳಲಿಕ್ಕಾಗದು. ನಮ್ಮನ್ನು ಕರೆಸಿದ ಮೊದಲ ದಿನವೇ ಸಿಸ್ಟರ್ ಅವಳ ಕಾಗದದ ಕಾರ್ಡನ್ನು ನನ್ನ ಮುಂದೆ ಸರಿಸಿ, "ಈಕಿ ಹೆರಾಕ ಬರೂದರೊಳಗ ರಕ್ತಾ ಇಲ್ಲಿ ಬಂದಿರಬೇಕ್ರಿ. ಅಷ್ಟ ಮಾಡಿಕೊಟ್ರ ನಿಮ್ಮ ಮಷೀನ್ ಖರೇ ಅಂತೀನಿ," ಅಂದಿದ್ದರು. ನಾನು ಆಗಲಿ ಅಂತ ಮಾತು ಕೊಟ್ಟಿದ್ದೆ. ಮಾತು ಕೊಡುವುದರಲ್ಲಿ ನಾನು ಯಾವತ್ತೂ ಮುಂದು.

ಆ ಪ್ರೋಗ್ರಾಂ ಬರೆದದ್ದು ನಮ್ಮದೇ ಒಂದು ಸಣ್ಣ ಭಾಷೆಯಲ್ಲಿ. ಹೆಸರು ಗುಂಜಿ. ಗುಂಜಿ ಸ್ಟೇಷನ್ನಿನಲ್ಲಿ ಎದುರಿನ ಗಾಡಿಗಾಗಿ ಪ್ಯಾಸೆಂಜರ್ ರೈಲು ಗಂಟೆಗಟ್ಟಲೆ ನಿಂತಾಗ ಸರ್ ಅದರ ಮೊದಲ ನಿಯಮಗಳನ್ನು ಒಂದು ಲಗ್ನಪತ್ರಿಕೆಯ ಹಿಂದೆ ಗೀಚಿದ್ದರು, ಅದಕ್ಕೆ ಆ ಹೆಸರು. ಕಾರ್ಡು ಹೇಗಿರಬೇಕು, ಹೇಗೆ ಹುಡುಕಬೇಕು ಅನ್ನುವುದನ್ನು ಗುಂಜಿಯಲ್ಲಿ ನಾಲ್ಕು ಸಾಲಿನಲ್ಲಿ ಬರೆದರೆ ನಾನು ಕಟ್ಟಿದ ಅನುವಾದಕ ಅದನ್ನು ಸಿ ಭಾಷೆಯ ನಲವತ್ತು ಸಾಲು ಮಾಡಿಕೊಡುತ್ತಿತ್ತು. ಆ ಅನುವಾದಕದ ಮೇಲೆ ನನಗೆ ಎಷ್ಟು ಅಭಿಮಾನ ಅಂದರೆ, ಬೇರೆಯವರು ಅದರಲ್ಲಿ ತಪ್ಪು ತೋರಿಸಿದರೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದೆ.

ಡಬ್ಬಿ ಮುಚ್ಚಿಟ್ಟು, ಸತ್ತ ಪ್ರೋಗ್ರಾಂ ಬಿಟ್ಟುಹೋಗುವ ಕಡತವನ್ನು ತೆಗೆದು ನೋಡಿದೆ. ಸತ್ತದ್ದು ಎರಡು ಹೆಸರುಗಳನ್ನು ಹೋಲಿಸುವ ಜಾಗದಲ್ಲಿ. ಒಂದು ಹೆಸರಿನ ಪಾಯಿಂಟರ್ ನಲ್ ಆಗಿತ್ತು. ಪಾಯಿಂಟರ್ ಅಂದರೆ ವಿಳಾಸ ಬರೆದ ಚೀಟಿ ಅಂದುಕೊಳ್ಳಿ. ಚೀಟಿ ಓದಿ ಆ ಮನೆಗೆ ಹೋಗಿ ಅಲ್ಲಿದ್ದದ್ದನ್ನು ತರುವುದು ಪ್ರೋಗ್ರಾಮಿನ ಕೆಲಸ. ನಲ್ ಅಂದರೆ ಏನೂ ಬರೆಯದ ಚೀಟಿ. ಸಿ ಭಾಷೆ ಅದನ್ನೂ ಉಳಿದ ಚೀಟಿಗಳ ಹಾಗೆಯೇ ಕೈಗೆ ಕೊಡುತ್ತದೆ, ಹೋಗು ಅನ್ನುತ್ತದೆ. ಪ್ರೋಗ್ರಾಂ ಹೋಗುತ್ತದೆ, ಆಪರೇಟಿಂಗ್ ಸಿಸ್ಟಂ ಅದರ ಕುತ್ತಿಗೆ ಹಿಡಿದು ಹೊರಗೆ ಹಾಕುತ್ತದೆ. ಇಡೀ ಸರ್ವರ್ ಬೀಳಲು ಅಷ್ಟು ಸಾಕು.

ಆ ಒಂದು ಜಾಗದಲ್ಲಿ, ಚೀಟಿ ಖಾಲಿ ಇದ್ದರೆ ಮುಂದೆ ಹೋಗಬೇಡ ಅಂತ ಒಂದು ಸಾಲು ಸೇರಿಸಿ ಸರ್ವರ್ ಎಬ್ಬಿಸಿದೆ. ಮರುದಿನ ಬೇರೆ ಜಾಗದಲ್ಲಿ ಬಿತ್ತು. ಅಲ್ಲೂ ಒಂದು ಸಾಲು. ಅದರ ಮರುದಿನ ಮೂರನೆಯ ಜಾಗದಲ್ಲಿ. ಯಾವಾಗಲೂ ಮುಂಜಾನೆ ಹನ್ನೊಂದರ ಸುಮಾರಿಗೆ, ಖಾನಾಪುರದ ತಂತಿ ಕೂಡಿದ್ದಾಗಲೇ. ನಾಲ್ಕನೆಯ ಸಲ ಬಿದ್ದಾಗ ಸರ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತ, "ತಂಗಿ, ಇಲ್ಲೆ ಕುಂತ ನೋಡಿದ್ದ ಸಾಕ. ಅಲ್ಲಿ ಹೋಗಿ ನೋಡು," ಅಂದರು.

ಮರುದಿನದ ಪ್ಯಾಸೆಂಜರ್ ಹಿಡಿದು ಹೋದೆ. ಅವತ್ತು ಬಸುರಿಯರ ತಪಾಸಣೆಯ ದಿನ. ಕಂಪ್ಯೂಟರಿನ ಬಾಜು ಒಂದು ಸ್ಟೂಲು, ಅದರ ಮೇಲೆ ಒಬ್ಬೊಬ್ಬರಾಗಿ ಬಂದು ಕೂರುವುದು, ಹಿಂದೆ ಗೋಡೆಗುಂಟ ಉಳಿದವರ ಸಾಲು. ಸಿಸ್ಟರ್ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕೇಳುತ್ತ, ಎರಡೇ ಬೆರಳಲ್ಲಿ ಟೈಪು ಮಾಡುತ್ತಿದ್ದರು. ನಾನು ಹಿಂದೆ ನಿಂತು ನೋಡಿದೆ. ಹೆಸರು, ವಯಸ್ಸು, ಊರು, ಎಲ್ಲ ಸರಿ. ಆಮೇಲೆ ಸಿಸ್ಟರ್, "ಮನ್ಯಾವರ ಹೆಸರ ಏನವಾ?" ಅಂದರು. ಸ್ಟೂಲಿನ ಮೇಲಿದ್ದಾಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಗೋಡೆಗುಂಟ ಇದ್ದವರೂ ನಕ್ಕರು. ಸಿಸ್ಟರ್ ಕೂಡ ನಕ್ಕು, ಆ ಕಾಲಂ ಬಿಟ್ಟು ಎಂಟರ್ ಒತ್ತಿ ಮುಂದೆ ಹೋದರು.

ಬೆಳಗಾವಿಯ ನಮ್ಮ ಸರ್ವರ್ ಆ ಕ್ಷಣಕ್ಕೆ ಸತ್ತಿತ್ತು.

"ಸಿಸ್ಟರ್, ಅದನ್ನ್ಯಾಕ ಬಿಟ್ರಿ?"

"ಮತ್ತೇನ್ ಮಾಡೂದ್ರೀ? ನಾಕ ಮಂದಿ ಮುಂದ ಗಂಡನ ಹೆಸರ ಹೇಳಂದ್ರ ಹೇಳ್ತಾರೇನು? ಕಾಗದದಾಗೂ ಹಂಗ ಬಿಡ್ತಿದ್ವಿ. ಅತ್ತಿ ಕೂಡ ಬಂದಾಗ ಅತ್ತಿನ್ನ ಕೇಳಿ ಬರ್ಕೊಂಡ್ರಾತು."

ನನಗೆ ನಾಚಿಕೆಯಾಯಿತು. ನಮ್ಮವ್ವ ಇವತ್ತಿಗೂ ನಮ್ಮಪ್ಪನನ್ನು 'ಇವರ' ಅನ್ನುವವಳು. ರೇಷನ್ ಅಂಗಡಿಯಲ್ಲಿ ಹೆಸರು ಕೇಳಿದರೆ ನನ್ನನ್ನು ಮುಂದೆ ತಳ್ಳಿ ಹೇಳಿಸುತ್ತಿದ್ದಳು. ಅಂಥ ಮನೆಯಲ್ಲಿ ಹುಟ್ಟಿ ಬೆಳೆದ ನಾನು, ಗಂಡನ ಹೆಸರು ಯಾವಾಗಲೂ ಇದ್ದೇ ಇರುತ್ತದೆ ಅಂತ ನಂಬಿ ಪ್ರೋಗ್ರಾಂ ಬರೆದಿದ್ದೆ. ಅಷ್ಟೇ ಅಲ್ಲ, ಹೆಸರು, ಊರು, ಗಂಡನ ಹೆಸರು ಮೂರೂ ಹೊಂದಿದರೆ ಅದು ಅದೇ ಹೆಣ್ಣುಮಗಳ ಕಾರ್ಡು ಅಂತ ಗುರುತು ಹಿಡಿಯುವ ನಿಯಮವನ್ನೂ ಮಾಡಿಟ್ಟಿದ್ದೆ.

ಅವತ್ತೇ ಕಣಕುಂಬಿಯ ಕಡೆಯವಳನ್ನು ಮೊದಲ ಸಲ ಕಂಡದ್ದು. ತೆಳ್ಳನೆಯ ಹೆಣ್ಣು, ಮಾತು ಕಡಿಮೆ, ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿತ್ತು. ಅವಳ ಕಾರ್ಡಿನಲ್ಲೂ ಆ ಕಾಲಂ ಖಾಲಿ. ಸಿಸ್ಟರ್ ನನ್ನನ್ನು ತೋರಿಸಿ, "ಇವರ ನೋಡವಾ ಮಷೀನ್ ಮಾಡಿದವರು," ಅಂದರು.

ಅವಳು ಕಂಪ್ಯೂಟರನ್ನೂ ನನ್ನನ್ನೂ ಒಮ್ಮೆ ನೋಡಿ, "ಇದು ನೆನಪ ಇಟಕೊಂತೈತೇನ್ರಿ, ನಂದು ಬ್ಯಾರೆ ರಕ್ತಾ ಅಂತ?" ಅಂತ ಕೇಳಿದಳು.

"ಇಟಕೊಂತೈತಿ," ಅಂದೆ. ಎರಡನೆಯ ಸಲ ಮಾತು ಕೊಟ್ಟೆ.

ಬೆಳಗಾವಿಗೆ ಬಂದವಳೇ ನನ್ನ ಜಾಣತನ ತೋರಿಸಿದೆ. ಒಂದೊಂದೇ ಜಾಗಕ್ಕೆ ತೇಪೆ ಹಚ್ಚುವುದೇನು, ಅನುವಾದಕವನ್ನೇ ತಿದ್ದಿಬಿಟ್ಟರಾಯಿತಲ್ಲ! ಎಲ್ಲಿ ನಲ್ ಬಂದರೂ ಅದರ ಬದಲು ಅಕ್ಷರವಿಲ್ಲದ ಹೆಸರನ್ನು, ಅಂದರೆ ಖಾಲಿ ಪದವನ್ನು, ಕೊಡುವಂತೆ ಮಾಡಿದೆ. ಹತ್ತೇ ಸಾಲಿನ ಕೆಲಸ. ಸರ್ವರ್ ಬೀಳುವುದು ನಿಂತಿತು. ಒಂದು ವಾರ ಪೂರ್ತಿ ಒಮ್ಮೆಯೂ ಬೀಳಲಿಲ್ಲ. ನಾನು ಆಫೀಸಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತೆ.

ಶನಿವಾರ ಮುಂಜಾನೆ ಸರ್ ಬಂದರು. ಯಾವತ್ತೂ ಬಂದವರೇ ಚಹಾ ಕೇಳುವವರು ಅವತ್ತು ಕೇಳಲಿಲ್ಲ. "ತಂಗಿ, ಮನ್ಯಾಗಿಂದ ಸರ್ವರಿಗೆ ಫೋನ್ ಹಚ್ಚಿದ್ದೆ. ಕನ್ನಡಕ ಎಲ್ಲಿಟ್ಟಿದ್ನೋ ಸಿಗಲಿಲ್ಲ. ಹೆಸರ ಕೇಳಿತು, ಬರೇ ಎಂಟರ್ ಒತ್ತಿದೆ. ಪಾಸ್‌ವರ್ಡ್ ಕೇಳಿತು, ಮತ್ತ ಎಂಟರ್ ಒತ್ತಿದೆ. ಕಾರ್ಡೆಲ್ಲಾ ಬಂದ ಕುಂತೂವಲ್ಲ?"

ನಾನು ನಂಬಲಿಲ್ಲ. ಅವರ ಮುಂದೆಯೇ ಮಾಡಿ ನೋಡಿದೆ. ಎರಡು ಸಲ ಎಂಟರ್, ಅಷ್ಟೇ. ಖಾನಾಪುರ ತಾಲೂಕಿನ ಅಷ್ಟೂ ಬಸುರಿಯರ ಹೆಸರು, ಊರು, ಕಾಯಿಲೆ, ಎಲ್ಲ ಪರದೆಯ ಮೇಲೆ.

ಆದದ್ದು ಇಷ್ಟು. ಹೆಸರಿಲ್ಲದ ಬಳಕೆದಾರನನ್ನು ಪಟ್ಟಿಯಲ್ಲಿ ಹುಡುಕಿದರೆ ಪಾಸ್‌ವರ್ಡ್ ಸಿಗುವುದಿಲ್ಲ, ನಲ್ ಬರುತ್ತದೆ. ಮೊದಲಾಗಿದ್ದರೆ ಸರ್ವರ್ ಅಲ್ಲೇ ಬೀಳುತ್ತಿತ್ತು. ಅದೂ ಅಪಾಯವೇ, ತಂತಿಯ ತುದಿಯಲ್ಲಿ ಎಂಟರ್ ಒತ್ತುವ ಯಾರು ಬೇಕಾದರೂ ನಮ್ಮ ಸರ್ವರನ್ನು ಕೆಡವಬಹುದಿತ್ತು. ಈಗ ನನ್ನ ಜಾಣ ಅನುವಾದಕ ಆ ನಲ್ಲನ್ನು ಖಾಲಿ ಪದ ಮಾಡಿಕೊಟ್ಟಿತ್ತು. ಒತ್ತಿದವರ ಪಾಸ್‌ವರ್ಡೂ ಖಾಲಿ. ಖಾಲಿಗೆ ಖಾಲಿ ಹೊಂದಿತು, ಕದ ತೆರೆಯಿತು. ಬೀಳುವುದನ್ನು ನಿಲ್ಲಿಸಿದೆ ಅಂತ ಬೀಗುತ್ತಿದ್ದವಳು, ಬೀಳದೆ ನಿಂತ ಮನೆಯ ಬಾಗಿಲನ್ನು ಹಾರುಹೊಡೆದಿಟ್ಟಿದ್ದೆ.

ಖಾಲಿಗೆ ಖಾಲಿ ಹೊಂದುತ್ತದೆ ಅಂದರೆ ಕಾರ್ಡುಗಳಲ್ಲೂ ಹೊಂದಿರಬೇಕು. ಕಣಕುಂಬಿಯ ಕಡೆಯವಳ ಕಾರ್ಡು ತೆಗೆದೆ. ರಕ್ತದ ಗುಂಪು: ಓ ಪಾಸಿಟಿವ್.

ಅದೇ ವಸ್ತಿಯಲ್ಲಿ ಅದೇ ಹೆಸರಿನ ಇನ್ನೊಬ್ಬ ಬಸುರಿ ಇದ್ದಳು. ಅವಳೂ ಗಂಡನ ಹೆಸರು ಹೇಳಿರಲಿಲ್ಲ. ಹೆಸರು ಒಂದೇ, ಊರು ಒಂದೇ, ಗಂಡನ ಹೆಸರು ಎರಡೂ ಕಡೆ ಖಾಲಿ. ಇಬ್ಬರೂ ಒಬ್ಬರೇ ಅಂತ ತೀರ್ಮಾನಿಸಿ ನನ್ನ ಪ್ರೋಗ್ರಾಂ ಎರಡನೆಯವಳ ಕಾರ್ಡನ್ನು ಮೊದಲನೆಯವಳ ಮೇಲೆ ಬರೆದಿತ್ತು. ಹಾಗೇ ಬಿಟ್ಟಿದ್ದರೆ ರಕ್ತ ಭಂಡಾರದವರು ಬಿ ನೆಗೆಟಿವ್ ಬೇಕು ಅನ್ನುವುದನ್ನು ನೋಡುತ್ತಲೇ ಇರಲಿಲ್ಲ. ನಾನು ಎದ್ದು ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದೆ. ಅತ್ತದ್ದು ಯಾರಿಗೂ ಕಾಣಬಾರದು ಅನ್ನುವ ಹಟ ಬೇರೆ.

ಭಾನುವಾರ ಶಹಾಪುರದಲ್ಲಿ ನಮ್ಮ ಚಿಗವ್ವನ ಮನೆಗೆ ಹೊಸ ಸೊಸೆ ಬರುವುದಿತ್ತು. ಹೋಗುವ ಮನಸ್ಸಿರಲಿಲ್ಲ, ಅವ್ವ ಎಳೆದುಕೊಂಡು ಹೋದಳು. ಮದುಮಗಳು ಹೊಸ್ತಿಲಿಗೆ ಬಂದ ಕೂಡಲೇ ನಮ್ಮ ಕಡೆಯ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತರು. "ಹೆಸರ ಹೇಳು, ಒಳಗ ಬಾ!" ಗಂಡನ ಹೆಸರನ್ನು ಒಡಪು ಕಟ್ಟಿ, ಪ್ರಾಸ ಹಚ್ಚಿ ಹೇಳಬೇಕು, ಆಮೇಲೇ ಒಳಗೆ. ಮದುಮಗಳು ತಲೆ ತಗ್ಗಿಸಿ ನಿಂತುಬಿಟ್ಟಳು. ಯಾರೋ ಪಾಪ ಬಿಡ್ರಿ ಅಂದರು. ನಮ್ಮ ಚಿಗವ್ವ ಸೊಂಟಕ್ಕೆ ಕೈ ಇಟ್ಟು, "ಏ, ಸುಮ್ನ ನಿಂತ್ರ ಯಾರ ಒಳಗ ಬಿಡ್ತಾರ? ಸುಮ್ನಿರಾಕ ಇದೇನ ದವಾಖಾನಿ ಅಲ್ಲ," ಅಂದಳು.

ಎಲ್ಲರೂ ನಕ್ಕರು. ನಾನು ಮಾತ್ರ ಕೈಯಲ್ಲಿದ್ದ ಅಕ್ಕಿಕಾಳು ಹಾಗೇ ಹಿಡಿದು ನಿಂತೆ. ದವಾಖಾನೆಯಲ್ಲಿ ಗಂಡನ ಹೆಸರು ಹೇಳದೆ ಸುಮ್ಮನಿದ್ದರೆ ಅದು ಮರ್ಯಾದೆ, ಮುಂದಿನ ಕೆಲಸ ನಡೆಯಬೇಕು. ಹೊಸ್ತಿಲಲ್ಲಿ ಸುಮ್ಮನಿದ್ದರೆ ಒಳಗೆ ಬಿಡಬಾರದು. ಅದೇ ಮೌನ, ಜಾಗ ಬೇರೆ, ಅರ್ಥ ಬೇರೆ. ನಮ್ಮ ಚಿಗವ್ವನಿಗೆ ಗೊತ್ತಿರುವ ಈ ವ್ಯತ್ಯಾಸ ನನ್ನ ಭಾಷೆಗೆ ಗೊತ್ತಿರಲಿಲ್ಲ. ಖಾಲಿ ಅಂದರೆ ಎಲ್ಲ ಕಡೆಗೂ ಒಂದೇ ಉತ್ತರ ಕೊಡುವ ಹಾಗೆ ಮಾಡಿದವಳು ನಾನೇ. ಉತ್ತರ ಕೊಡುವುದು ಭಾಷೆಯ ಕೆಲಸವಲ್ಲ. ಪ್ರತಿ ಜಾಗದಲ್ಲೂ ಬರೆಯುವವರನ್ನು ನಿಲ್ಲಿಸಿ, ಇದು ಖಾಲಿ ಬಂದರೆ ಏನು ಮಾಡುತ್ತೀ ಅಂತ ಕೇಳುವುದು ಅದರ ಕೆಲಸ. ಮದುಮಗಳು ಕೊನೆಗೆ ಏನು ಒಡಪು ಹೇಳಿದಳೋ ನಾನು ಕೇಳಿಸಿಕೊಳ್ಳಲೇ ಇಲ್ಲ.

ಸೋಮವಾರ ಸರ್ ಮುಂದೆ ಹೇಳಿದೆ. ಗುಂಜಿಯ ಬುಡವನ್ನೇ ಬದಲಿಸಬೇಕು. ಇನ್ನು ಮೇಲೆ ಯಾವ ಮಾಹಿತಿಯೂ ಖಾಲಿ ಇರುವಂತಿಲ್ಲ. ಖಾಲಿ ಇರಬಹುದಾದದ್ದನ್ನು ಮೊದಲೇ 'ಖಾಲಿ' ಅಂತ ಗುರುತು ಹಾಕಿ ಹೇಳಿರಬೇಕು. ಹಾಗೆ ಗುರುತಾದದ್ದನ್ನು ಮುಟ್ಟುವ ಪ್ರತಿ ಜಾಗದಲ್ಲೂ, ಇದ್ದರೆ ಹೀಗೆ, ಇಲ್ಲದಿದ್ದರೆ ಹೀಗೆ ಅಂತ ಎರಡೂ ದಾರಿ ಬರೆಯಬೇಕು. ಬರೆಯದಿದ್ದರೆ ಅನುವಾದಕ ಅನುವಾದ ಮಾಡುವುದೇ ಇಲ್ಲ. ಪ್ರೋಗ್ರಾಂ ಓಡುವ ಮಾತು ದೂರ, ಹುಟ್ಟುವುದೇ ಇಲ್ಲ.

ಸರ್ ಒಪ್ಪಲಿಲ್ಲ. "ಲಾಗಿನ್‌ದಾಗ ಒಂದ ಸಾಲ ಬರಿ, ಹುಡುಕೂದ್ರಾಗ ಒಂದ ಸಾಲ ಬರಿ. ಸಂಜಿಕ ಮುಗೀತೈತಿ. ಮಳಿಗಾಲಕ್ಕ ಇನ್ನ ಮೂರ ವಾರ ಐತಿ ತಂಗಿ, ಭಾಷಾ ಕಟಗೋತ ಕೂಡೂ ಹೊತ್ತೇನು ಇದು?"

"ಇವತ್ತ ಎರಡ ಕಡೆ ಸಿಕ್ಕೈತ್ರಿ ಸರ್. ಇನ್ನ ಎಷ್ಟ ಕಡೆ ಐತಿ ಅಂತ ನಿಮಗ ಗೊತ್ತೈತೇನ್ರಿ?"

"ಇಲ್ಲ."

"ನನಗೂ ಗೊತ್ತಿಲ್ರಿ. ಗುಂಜಿಗೆ ಗೊತ್ತಾಗೂ ಹಂಗ ಮಾಡ್ತೀನಿ."

ಅವರು ಇನ್ನೇನೋ ಹೇಳುವಷ್ಟರಲ್ಲಿ ಎದ್ದು ಹೋಗಿ ಸರ್ವರಿನ ಸ್ವಿಚ್ ಆರಿಸಿದೆ. ಸಿಟ್ಟಿನ ಕೈ. ಆದರೆ ಬಾಗಿಲಿಲ್ಲದ ಮನೆಯಲ್ಲಿ ಅಷ್ಟು ಹೆಣ್ಣುಮಕ್ಕಳ ಕಾರ್ಡುಗಳನ್ನು ಇನ್ನೊಂದು ದಿನ ಇಡಲಿಕ್ಕೆ ನನಗೆ ಮನಸ್ಸಿರಲಿಲ್ಲ. ಸರ್, "ಸಿಸ್ಟರಿಗೆ ನೀನ ಫೋನ್ ಮಾಡಿ ಹೇಳು," ಅಂದರು. ಅದು ಶಿಕ್ಷೆಯೋ ಒಪ್ಪಿಗೆಯೋ ಆಗ ತಿಳಿಯಲಿಲ್ಲ.

ಸಿಸ್ಟರಿಗೆ ಎಲ್ಲವನ್ನೂ ಹೇಳಿದೆ, ಓ ಪಾಸಿಟಿವ್ ಆದದ್ದನ್ನೂ. ಅವರು, "ಕಾಗದದ ಕಾರ್ಡ್ ನಾ ಹರದ ಹಾಕಿಲ್ರಿ. ಹಾಕಿದ್ರ?" ಅಂದರು. ತಪ್ಪು ನನ್ನದು, ಮೂರು ವಾರ ಕೊಡಿ ಅಂದೆ. "ಮೂರ ವಾರ ತಗೋರಿ. ಆದ್ರ ಈ ಸರ್ತಿ, ನೆನಪ ಇಟಕೊಂತೈತಿ ಅಂತ ಆಕಿ ಮುಂದ ನಿಂತ ಹೇಳೂ ಹಂಗ ಮಾಡಿಕೊಡ್ರಿ."

ಕೆಲಸ ಶುರುವಾಯಿತು. ವ್ಯಾಕರಣದ ಕಡತದಲ್ಲಿ ಹೊಸ ಗುರುತು ಸೇರಿಸಲು ಎರಡು ದಿನ. ಪ್ರತಿ ಹೆಸರಿನ ಹಿಂದೆ ಅದು ಖಾಲಿ ಇರಬಹುದೋ ಇಲ್ಲವೋ ಅನ್ನುವುದನ್ನು ಅನುವಾದಕ ಕೊನೆಯವರೆಗೂ ಹೊತ್ತು ಸಾಗಬೇಕು, ಅದಕ್ಕೆ ಒಂದು ವಾರ. ಇದ್ದರೆ ಅನ್ನುವ ದಾರಿಯೊಳಗೆ ಹೊಕ್ಕ ಮೇಲೆ ಅದೇ ಹೆಸರು ಖಾಲಿಯಲ್ಲ ಅಂತ ಅದಕ್ಕೆ ತಿಳಿಯಬೇಕು, ಇಲ್ಲದಿದ್ದರೆ ಕೇಳಿದ್ದನ್ನೇ ಕೇಳುತ್ತದೆ. ಇದು ಮೂರು ಸಲ ಕೆಟ್ಟು ನಾಲ್ಕನೆಯ ಸಲಕ್ಕೆ ಸರಿಹೋಯಿತು. ತಪ್ಪು ಸಿಕ್ಕರೆ ಏನು ಸಂದೇಶ ತೋರಿಸಬೇಕು ಅನ್ನುವಲ್ಲಿಗೆ ಬಂದಾಗ ನಾನು ಹೆಚ್ಚು ಯೋಚಿಸಲಿಲ್ಲ. ಪರದೆಯಲ್ಲಿ ಕನ್ನಡ ಅಕ್ಷರ ಮೂಡಿಸುವ ಸೌಕರ್ಯ ನಮಗಿರಲಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲೇ ನಮ್ಮ ಮಾತು ಬರೆದೆ: ಖಾಲಿ ಇದ್ದರ?

ನಮ್ಮ ಹಳೆಯ ಪ್ರೋಗ್ರಾಮನ್ನು ಹೊಸ ಅನುವಾದಕಕ್ಕೆ ಕೊಟ್ಟ ದಿನ ಮೂವರೂ ಪ್ರಿಂಟರಿನ ಮುಂದೆ ನಿಂತಿದ್ದೆವು. ಖಾಲಿ ಇದ್ದರ? ಖಾಲಿ ಇದ್ದರ? ಖಾಲಿ ಇದ್ದರ? ಸಾಲು ನಂಬರಿನೊಂದಿಗೆ ಪುಟದ ಮೇಲೆ ಪುಟ. ಕಾಗದ ಮೇಜಿನಿಂದ ಇಳಿದು ನೆಲದ ಮೇಲೆ ಗುಪ್ಪೆ ಬಿತ್ತು. ಸಹೋದ್ಯೋಗಿ ತಲೆ ಮೇಲೆ ಕೈ ಹೊತ್ತು, "ಅರೇ ದೇವಾ, ಇದೇನ್ ಅತ್ತಿನ ತಂದ ಇಟ್ಟೀರೇನ್ರಿ ಆಫೀಸಿನ್ಯಾಗ? ಒಂದ ಹೆಜ್ಜಿ ಇಡೂ ಹಂಗಿಲ್ಲ, ಎಲ್ಲಾದಕ್ಕೂ ಪ್ರಶ್ನಿ!" ಅಂದ. ಅವತ್ತಿನಿಂದ ಅನುವಾದಕದ ಹೆಸರು ಅತ್ತಿ ಅಂತಲೇ ಆಯಿತು.

ನಾನು ಮಾತ್ರ ಹಿಗ್ಗಿ ಹೀರೇಕಾಯಿ ಆಗಿದ್ದೆ. ಅದರಲ್ಲಿ ಒಂದೊಂದು ಸಾಲೂ ಇನ್ನೂ ಬೀಳದ ಸರ್ವರ್, ಇನ್ನೂ ತೆರೆಯದ ಕಳ್ಳಬಾಗಿಲು. ಸರ್ ಬಗ್ಗಿ ಕಾಗದ ಎತ್ತಿಕೊಂಡು ಒಂದೊಂದೇ ಸಾಲು ಓದಿದರು. ಅರ್ಧ ಗಂಟೆಯಾದ ಮೇಲೆ, "ಇಷ್ಟ ಕಡೆ ಇತ್ತೇನ? ನಾ ಸಂಜಿಕ ಮುಗೀತೈತಿ ಅಂದಿದ್ನಲ್ಲ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಸ್ವಿಚ್ ಆರಿಸಿದ್ದ ಛಲೋ ಆತು," ಅಂದರು. ಆ ಮಾತು ನನಗೆ ಈಗಲೂ ಕಿವಿಯಲ್ಲಿದೆ.

ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಬಾಕಿ ಇತ್ತು. ಅದು ನಮ್ಮಿಂದ ಆಗುವ ಕೆಲಸವಲ್ಲ. ದಿನಾ ಮಧ್ಯಾಹ್ನ ಸಿಸ್ಟರ್ ಊಟ ಮುಗಿಸಿ ಫೋನ್ ಹಚ್ಚುತ್ತಿದ್ದರು. ನಾನು ಕಾಗದ ಹಿಡಿದು ಓದುವುದು, ಅವರು ಹೇಳುವುದು.

"ಗಂಡನ ಹೆಸರು ಖಾಲಿ ಇದ್ದರ?"

"ಅದ್ರಾಗ ಮೂರ ಥರಾ ಅದಾವ್ರಿ. ಗಂಡ ಅದಾನ, ಹೆಸರ ಹೇಳಿಲ್ಲ. ಗಂಡ ತೀರ್ಕೊಂಡಾನ, ಇಲ್ಲ. ಇಲ್ಲಾಂದ್ರ ಗದ್ಲದಾಗ ನಾನ ಕೇಳಿಲ್ಲ. ಮೂರೂ ಬ್ಯಾರೆ ಬ್ಯಾರೆ ಇಡ್ರಿ. ಗಂಡ ಇದ್ದಾಕಿಗೆ ಇಲ್ಲ ಅಂತ ತೋರಿಸಿದ್ರ ನನ್ನ ಬಡಿತಾಳ."

ಕಾರ್ಡಿನಲ್ಲಿ ಆ ಕಾಲಂ ಖಾಲಿ ಬಿಟ್ಟರೆ ಹೇಳಿಲ್ಲ, ಇಲ್ಲ, ಕೇಳಿಲ್ಲ ಅನ್ನುವ ಮೂರರಲ್ಲಿ ಒಂದನ್ನು ಒತ್ತಬೇಕು ಅಂತ ಮಾಡಿದೆವು. ಈ ಮೂರರಲ್ಲಿ ಯಾವುದೂ ಇನ್ನೊಂದು ಕಾರ್ಡಿನ ಅದೇ ಉತ್ತರಕ್ಕೆ ಹೊಂದುವುದಿಲ್ಲ. ಹೇಳದ ಇಬ್ಬರು ಗಂಡಂದಿರು ಒಬ್ಬನೇ ಅಂತ ಯಾವ ಊರಲ್ಲೂ ಯಾರೂ ಅನ್ನುವುದಿಲ್ಲವಲ್ಲ. ರಕ್ತದ ಗುಂಪು ಖಾಲಿ ಇದ್ದರೆ ಕಾರ್ಡಿನ ನೆತ್ತಿಯ ಮೇಲೆ ಕೆಂಪು ಗೆರೆ. ಇನ್ನು ಹೊಸ್ತಿಲಲ್ಲಿ, ಅಂದರೆ ಲಾಗಿನ್‌ನಲ್ಲಿ, ಖಾಲಿ ಅನ್ನುವ ಗುರುತೇ ಇಲ್ಲ. ಹೆಸರು ಹೇಳದವರಿಗೆ ಕದ ಮುಚ್ಚಿಯೇ ಇರುತ್ತದೆ. ಆ ಭಾಗವನ್ನು ನಾನೇ ಬರೆದು, ಮೇಲೆ ಒಂದು ಸಾಲು ಟಿಪ್ಪಣಿ ಹಾಕಿದೆ: ಚಿಗವ್ವನ ನಿಯಮ.

ಎಲ್ಲವೂ ಸಲೀಸಾಗಿ ನಡೆಯಿತು ಅನ್ನಲಾರೆ. ಅತ್ತಿಯ ಕಾಟ ತಡೆಯಲಾರದೆ ಸಹೋದ್ಯೋಗಿ ಒಂದೆರಡು ಕಡೆ, ಖಾಲಿ ಇದ್ದರೆ ಅಂತ ಕೇಳಿದ್ದಕ್ಕೆ ಬಾಯಿಗೆ ಬಂದದ್ದನ್ನು ಬರೆದು ಅದರ ಬಾಯಿ ಮುಚ್ಚಿಸಿದ್ದ. ಓದುವಾಗ ಸಿಕ್ಕಿತು, ಜಗಳವಾಯಿತು, ಅವನೇ ತಿದ್ದಿದ. ಮರುದಿನ ನನ್ನದೇ ಒಂದು ಅಂಥ ಉತ್ತರ ಅವನಿಗೆ ಸಿಕ್ಕಿತು. ಭಾಷೆ ಪ್ರಶ್ನೆ ಕೇಳಬಲ್ಲದು, ಸುಳ್ಳು ಹೇಳಬೇಡ ಅನ್ನಲಾರದು. ಅದಕ್ಕೇ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲೇಬೇಕು ಅಂತ ಮಾಡಿಕೊಂಡೆವು.

ಮೂರನೆಯ ವಾರದ ಕೊನೆಗೆ ಪರೀಕ್ಷೆ. ಸಹೋದ್ಯೋಗಿ ಮನೆಯ ಫೋನಿನಿಂದ ಇಡೀ ದಿನ ನಮ್ಮ ಸರ್ವರಿನ ಕದ ಬಡಿದ. ಬರೀ ಎಂಟರ್, ಅರ್ಧ ಹೆಸರು, ಸಾವಿರ ಅಕ್ಷರದ ಹೆಸರು, ಕಾರ್ಡಿನ ನಡುವೆಯೇ ಫೋನ್ ಇಡುವುದು, ಎಲ್ಲ ಮಾಡಿದ. ಸರ್ ಕನ್ನಡಕ ತೆಗೆದಿಟ್ಟು ತಮ್ಮ ಪಾಲಿನ ಎಂಟರ್ ಒತ್ತಿದರು. ಸರ್ವರ್ ಜಪ್ಪಯ್ಯ ಅನ್ನಲಿಲ್ಲ. ಮರುದಿನ ಸಿಸ್ಟರ್ ಕಾಗದದ ಕಾರ್ಡುಗಳನ್ನೆಲ್ಲ ಮತ್ತೆ ತುಂಬಿದರು. ಕಣಕುಂಬಿಯ ಕಡೆಯವಳ ಕಾರ್ಡು ನಮ್ಮ ಪರದೆಗೆ ಬಂತು. ಬಿ ನೆಗೆಟಿವ್. ಗಂಡನ ಹೆಸರು: ಹೇಳಿಲ್ಲ. ಅದರ ಕೆಳಗೇ, ಅದೇ ಹೆಸರಿನ ಇನ್ನೊಬ್ಬಳದು, ಓ ಪಾಸಿಟಿವ್, ಹೇಳಿಲ್ಲ. ಎರಡು ಕಾರ್ಡು, ಇಬ್ಬರು ಹೆಣ್ಣುಮಕ್ಕಳು.

ಎರಡು ದಿನಕ್ಕೆ ಮಳೆ ಹಿಡಿಯಿತು. ಖಾನಾಪುರದ ಫೋನ್ ತಂತಿ ಕರಕರ ಅನ್ನತೊಡಗಿತು. ಕಾರ್ಡುಗಳು ನಡುವೆಯೇ ತುಂಡಾಗಿ ಬರುತ್ತಿದ್ದವು, ಅರ್ಧ ತುಂಬಿ ಅರ್ಧ ಖಾಲಿ. ಇದು ಯಾರೂ ಬೇಕೆಂದು ಬಿಟ್ಟ ಖಾಲಿಯಲ್ಲ. ಅತ್ತಿ ಇದನ್ನೂ ಮೊದಲೇ ಕೇಳಿದ್ದಳು, ನಾವೂ ಉತ್ತರ ಬರೆದಿದ್ದೆವು: ತುಂಡು ಕಾರ್ಡು ಬಂದರೆ ಹಳೆಯದನ್ನು ಮುಟ್ಟಬೇಡ, ಸಿಸ್ಟರಿಗೆ ಮತ್ತೆ ಕಳಿಸಲು ಹೇಳು. ಸರ್ವರ್ ಹಾಗೇ ಮಾಡಿತು.

ಅವಳಿಗೆ ದಿನ ತುಂಬಲು ಎರಡು ವಾರ ಇರುವಾಗಲೇ ರಕ್ತ ಭಂಡಾರದವರು ಕಾರ್ಡು ನೋಡಿ, ಹೊಂದುವ ಇಬ್ಬರು ದಾನಿಗಳನ್ನು ಹುಡುಕಿಟ್ಟರು. ರಸ್ತೆ ಕೆಡುವ ಮೊದಲೇ ಸಿಸ್ಟರ್ ಜೀಪು ಕಳಿಸಿ ಅವಳನ್ನು ಖಾನಾಪುರಕ್ಕೆ ಕರೆಸಿಕೊಂಡರು. ಅವಳ ಹೆರಿಗೆಯ ಮುಂಜಾನೆ ರಕ್ತದ ಬಾಟಲಿಗಳು ಐಸು ತುಂಬಿದ ಡಬ್ಬಿಯಲ್ಲಿ ಆಸ್ಪತ್ರೆ ಮುಟ್ಟಿದ್ದವು. ಒಂದು ಬೇಕೂ ಆಯಿತು. ಮಧ್ಯಾಹ್ನ ಸಿಸ್ಟರ್ ಫೋನ್ ಮಾಡಿ, "ಹೆಣ್ಣ ಕೂಸ್ರಿ. ತಾಯಿನೂ ಛಲೋ ಅದಾಳ," ಅಂದರು. ಈ ಸಲ ನಾನು ಹಿತ್ತಲಿಗೆ ಹೋಗಲಿಲ್ಲ. ಎಲ್ಲರೆದುರಿಗೇ ಅತ್ತೆ.

ಹತ್ತು ದಿನದ ಮೇಲೆ ಮತ್ತೆ ಫೋನ್. ಹಿಂದೆ ಹೆಂಗಸರ ನಗು, ಗದ್ದಲ.

"ಬಾಯಾರ, ಆಕಿ ಇವತ್ತ ಮನಿಗೆ ಹೊಂಟಾಳ. ವಾರ್ಡಿನ ಹೆಂಗಸ್ರೆಲ್ಲಾ ಬಾಗಲದಾಗ ಅಡ್ಡ ನಿಂತ ಬಿಟ್ಟಿದ್ರು, ಹೆಸರ ಹೇಳೂತನಾ ಬಿಡೂದಿಲ್ಲ ಅಂತ. ಹೇಳೇ ಬಿಟ್ಲ ನೋಡ್ರಿ!" ಅಂದು, ಸಿಸ್ಟರ್ ಅವಳ ಒಡಪನ್ನು ಅವಳದೇ ರಾಗದಲ್ಲಿ ಒಪ್ಪಿಸಿದರು:

"ಗುಡ್ಡದ ಮ್ಯಾಲ ಮೋಡ ಬಂತ, ಹಳ್ಳಕ್ಕ ನೀರ ಬಂತ,
ಮಗಳ್ನ ಉಡ್ಯಾಗ ಹಾಕ್ಕೊಂಡ ಹೊಂಟೀನಿ, ____ರ ಮನಿ ನೆನಪ ಬಂತ."

"ಹೆಸರ ಈಗ ತುಂಬ್ಲೇನ್ರಿ?"

"ತುಂಬ್ರಿ ಸಿಸ್ಟರ್," ಅಂದೆ.

ನಮ್ಮ ಪರದೆಯ ಮೇಲೆ ನಾನು ನೋಡುತ್ತಿದ್ದ ಹಾಗೇ ಹೇಳಿಲ್ಲ ಅನ್ನುವುದು ಹೋಗಿ ಅಲ್ಲೊಂದು ಹೆಸರು ಬಂದು ಕೂತಿತು. ಸರ್ವರ್ ಆ ಮಳೆಗಾಲದಲ್ಲಿ ಒಮ್ಮೆಯೂ ಬೀಳಲಿಲ್ಲ, ಹೆಸರು ಹೇಳದವರನ್ನು ಒಮ್ಮೆಯೂ ಒಳಗೆ ಬಿಡಲಿಲ್ಲ. ಆಮೇಲೆ ನಾನು ಎಷ್ಟೋ ದೊಡ್ಡ ಕೆಲಸ ಮಾಡಿದ್ದೇನೆ, ಯಾವುದಕ್ಕೂ ಅಷ್ಟು ಹೆಮ್ಮೆಪಟ್ಟದ್ದಿಲ್ಲ.

ಒಡಪಿನಲ್ಲಿ ಒಂದು ಜಾಗ ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ. ಆ ಹೆಸರು ನನಗೆ ಗೊತ್ತು, ಆದರೆ ಹೇಳುವ ಹಕ್ಕು ಅವಳದು. ಅತ್ತಿ ಈ ಬರಹವನ್ನು ಓದಿ ಖಾಲಿ ಇದ್ದರ ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ: ಇದೆ, ಹೇಳಿಲ್ಲ.